ಹರ್ನಿಯಾ ಬೇರೆ, ‘ಟಮ್ಮಿ ಟಕ್’ ಬೇರೆ

ಬಸವನಗುಡಿಯ ಓದುಗರಿಗೆ,

ಎರಡು ಸಿಸೇರಿಯನ್ ಆದ ಮೇಲೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗಿದೆ, ಜೋತುಬಿದ್ದ ಚರ್ಮವನ್ನೂ ಅದೇ ಸಲ ತೆಗೆದುಬಿಡೋಣ ಅಂದಿದ್ದಾರೆ ಸರ್ಜನ್. ವಿಮಾ ಕಂಪನಿ ಮಾತ್ರ ‘ಇದು ಸೌಂದರ್ಯ ಚಿಕಿತ್ಸೆ’ ಎಂದು ಕ್ಯಾಶ್‌ಲೆಸ್ ನಿರಾಕರಿಸಿದೆ ಎಂದು ಬರೆದಿದ್ದೀರಿ. ‘ಕೆಮ್ಮಿದರೆ ಹೊಟ್ಟೆ ಹಿಡಿದುಕೊಳ್ಳುವವಳಿಗೆ ಅಂದದ ಚಿಂತೆಯೇ?’ ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಜೊತೆಗಿಟ್ಟ ಎಸ್ಟಿಮೇಟ್ ನೋಡಿದೆ. ‘ಅಬ್ಡಾಮಿನೋಪ್ಲಾಸ್ಟಿ ಮತ್ತು ಹರ್ನಿಯಾ ರಿಪೇರಿ’, ಒಂದೇ ಸಾಲು, ಒಂದೇ ಮೊತ್ತ. ಅಬ್ಡಾಮಿನೋಪ್ಲಾಸ್ಟಿ ಎಂದರೆ ಹೊಟ್ಟೆಯ ಜೋತುಬಿದ್ದ ಚರ್ಮ ತೆಗೆಯುವ ‘ಟಮ್ಮಿ ಟಕ್’. ಎಡವಟ್ಟಾಗಿರುವುದು ಇಲ್ಲೇ. ವಿಮಾ ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಟಿಪಿಎಯವರು ಮೊದಲ ಪದ ಓದಿ ಫೈಲು ಮುಚ್ಚಿದಂತಿದೆ.

ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ ಜೀವಕ್ಕೇ ಅಪಾಯ. ಅದರ ರಿಪೇರಿ, ಒಳಗೆ ಹಾಕುವ ಬಲೆ (ಮೆಶ್), ಎಲ್ಲವೂ ಚಿಕಿತ್ಸೆಯೇ. ಚರ್ಮದ ಮಾತು ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿರುವ ಷರತ್ತಿನ ಪ್ರಕಾರ ರೂಪ ಬದಲಿಸುವ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ವಿನಾಯಿತಿಯುಂಟು. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ಬೇಕೇಬೇಕು ಎಂದು ಚಿಕಿತ್ಸೆ ಕೊಡುವ ವೈದ್ಯರು ಬರೆದುಕೊಟ್ಟರೂ ಉಂಟು. ಮಡಿಕೆಯೊಳಗೆ ಹುಣ್ಣಾಗಿ ಮತ್ತೆಮತ್ತೆ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದರೆ ಆ ಚೀಟಿಗಳು, ಫೋಟೊಗಳು ಲಗತ್ತಿಸಿ ಕೇಳಿ ನೋಡಿ. ಅಂಥದ್ದೇನೂ ಇಲ್ಲದಿದ್ದರೆ ಆ ಖರ್ಚು ನಿಮ್ಮದೇ. ಅದನ್ನು ಅನ್ಯಾಯ ಎನ್ನಲಾರೆ.

ಈಗ ಸರ್ಜನ್ನರಿಂದ ಹರ್ನಿಯಾಗೊಂದು, ಚರ್ಮಕ್ಕೊಂದು, ಎರಡು ಪ್ರತ್ಯೇಕ ಎಸ್ಟಿಮೇಟ್ ಬರೆಸಿ. ಹರ್ನಿಯಾದ ಅಳತೆ, ಸ್ಕ್ಯಾನ್ ವರದಿ, ನೋವಿನ ವಿವರ ಮೊದಲನೆಯದರಲ್ಲಿರಲಿ. ಡಿಸ್ಚಾರ್ಜ್ ಸಮ್ಮರಿಯಲ್ಲೂ ಎರಡೂ ಬೇರೆಬೇರೆಯಾಗಿಯೇ ಇರಬೇಕು. ಆಸ್ಪತ್ರೆ ಬಿಡುವ ಗಡಿಬಿಡಿಯಲ್ಲಿ ಅದನ್ನು ಓದದೆ ಸಹಿ ಹಾಕುವವರೇ ಹೆಚ್ಚು. ಪಾಲಿಸಿಯಲ್ಲಿ ಹರ್ನಿಯಾಗೆ ಕಾಯುವ ಅವಧಿ (ಪಾಲಿಸಿ ಮಾಡಿಸಿದ ಮೇಲೆ ಆ ಕಾಯಿಲೆಗೆ ಕ್ಲೇಮು ಸಿಗದ ಆರಂಭದ ಅವಧಿ) ಮುಗಿದಿದೆಯೇ ನೋಡಿಕೊಳ್ಳಿ, ಅನೇಕ ಪಾಲಿಸಿಗಳಲ್ಲಿ ಅದು 2 ವರ್ಷ. ಕ್ಯಾಶ್‌ಲೆಸ್ ಸಿಗದಿದ್ದ ಮಾತ್ರಕ್ಕೆ ಕ್ಲೇಮು ಸತ್ತಂತಲ್ಲ. ಬಿಲ್ ಕಟ್ಟಿ ಆಮೇಲೆ ಮರುಪಾವತಿಗೆ ಹಾಕಬಹುದು.

ಆಗಲೂ ಒಲ್ಲೆ ಎಂದರೆ ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ ಜೆ.ಪಿ. ನಗರ 1ನೇ ಹಂತದ ಜೀವನ ಸೌಧದಲ್ಲಿ ವಿಮಾ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ನಿರಾಕರಣೆಯ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು, ಅಷ್ಟೇ.

ನಿಮ್ಮ ತಂಗಿಯವರ ತೂಕ ಇಳಿಸುವ ಆಪರೇಷನ್ ಬಗ್ಗೆ: ಅದಕ್ಕೆ ಬೇರೆ ಷರತ್ತು. ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಅಥವಾ ಹೆಚ್ಚಿರಬೇಕು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆಯಿದ್ದು, ಬೇರೆ ದಾರಿಯಲ್ಲಿ ತೂಕ ಇಳಿಯದಿದ್ದರೆ 35 ಸಾಕು.

– ಸಂಪಾದಕ