ನಿಮ್ಮ ಬೀದರ್ ಲೇಖನ ಯಾಕೆ ವಾಪಸ್ ಬರುತ್ತಿದೆ

ನಮಸ್ಕಾರ.

ನೀವು ಕಳಿಸಿದ ‘ಒಂದೇ ದಿನದಲ್ಲಿ ಬೀದರ್ ದರ್ಶನ’ ಓದಿದೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಇದರೊಳಗೆ ಇನ್ನೊಂದು ಲೇಖನ ಇದೆ. ಅದು ತುಂಬಾ ಚೆನ್ನಾಗಿದೆ, ಅದನ್ನು ನೀವೇ ಬರೆಯಬಲ್ಲಿರಿ. ಹಾಗಾಗಿ ‘ಪ್ರಕಟಿಸಲಾಗದು’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮೊದಲು ಕಹಿ ಮಾತು ಮುಗಿಸುತ್ತೇನೆ. ಬಹಮನಿ ಅರಸರ ಬಗ್ಗೆ ಇರುವ ಎರಡು ಪ್ಯಾರಾ ನಿಮ್ಮದಲ್ಲ. ಅವೇ ಸಾಲುಗಳನ್ನು ಬೇರೆ ಕಡೆ ಓದಿದ್ದೇನೆ. ಮಾಹಿತಿ ಎಲ್ಲಿಂದ ಬೇಕಾದರೂ ತಿಳಿದುಕೊಳ್ಳಿ, ವಾಕ್ಯ ಮಾತ್ರ ನಿಮ್ಮದಾಗಿರಬೇಕು. ಇದರಲ್ಲಿ ರಾಜಿ ಇಲ್ಲ. ಇನ್ನೊಂದು, ‘ಕಲಬುರಗಿಯಿಂದ ಬೀದರಿಗೆ ನೇರ ರೈಲು ಮಾರ್ಗವಿಲ್ಲ, ಬಸ್ಸೇ ಗತಿ’ ಎಂದಿದ್ದೀರಿ. ಆ ಮಾರ್ಗ 2017ರಲ್ಲೇ ಶುರುವಾಗಿದೆ. ಹಳೆಯ ಬರಹ ನೋಡಿ ಬರೆದರೆ ಹೀಗೇ ಆಗುತ್ತದೆ. ನಮ್ಮನ್ನು ನಂಬಿ ಮಕ್ಕಳು ಮರಿ ಕಟ್ಟಿಕೊಂಡು ಹೊರಡುವವರು ಇರುತ್ತಾರೆ, ಅವರಿಗೆ ತಪ್ಪು ದಾರಿ ಹೇಳಬಾರದು.

ಈಗ ಮುಖ್ಯ ವಿಷಯ. ಕೋಟೆ, ರಂಗೀನ್ ಮಹಲ್, ಸೋಲಾ ಖಂಬಾ ಮಸೀದಿ, ಗವಾನ್ ಮದರಸಾ, ಚೌಬಾರಾ, ನರಸಿಂಹ ಝರಣಿ, ಗುರುನಾನಕ್ ಝೀರಾ, ಅಷ್ಟೂರು. ಒಂದನ್ನೂ ಬಿಟ್ಟಿಲ್ಲ. ಪ್ರತಿಯೊಂದಕ್ಕೂ ನಾಲ್ಕೈದು ಸಾಲು. ಎಲ್ಲವೂ ‘ಭವ್ಯ’, ಎಲ್ಲವೂ ‘ಅದ್ಭುತ’. ಝರಣಿಯಲ್ಲಿ ಜನ ಕತ್ತಲ ಸುರಂಗದೊಳಗೆ ಎದೆಮಟ್ಟದ ನೀರಲ್ಲಿ ನಡೆದು ಹೋಗಿ ದೇವರ ದರ್ಶನ ಮಾಡುತ್ತಾರೆ. ಝೀರಾದಲ್ಲಿ ಗುರುದ್ವಾರ ಇದೆ, ಅಲ್ಲಿಯ ಊಟದ ಪಂಗತಿಯೇ ಬೇರೆ. ಎರಡಕ್ಕೂ ನೀವು ಬರೆದದ್ದು ‘ಭಕ್ತಿಭಾವ ತುಂಬಿದ ತಾಣ’ ಅಂತ ಒಂದೇ ಮಾತು. ಹೆಸರು ಅದಲು ಬದಲು ಮಾಡಿದರೂ ಓದುವವರಿಗೆ ಗೊತ್ತಾಗುವುದಿಲ್ಲ, ಅಲ್ವಾ?

ಮದರಸಾ ಸಾಲನ್ನೇ ತೆಗೆದುಕೊಳ್ಳಿ. ‘1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಈ ವಿದ್ಯಾಕೇಂದ್ರ ಭವ್ಯವಾಗಿದೆ.’ ಇಸವಿ ಸರಿ ಇದೆ. ಆದರೆ ಅದರ ಮುಂದೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ಇಸವಿಯಲ್ಲ. ಒಂದು ಮಿನಾರು ಇದೆ, ಇನ್ನೊಂದಿಲ್ಲ. ಮುಂಭಾಗದ ಅರ್ಧ ಗೋಡೆಯೇ ಇಲ್ಲ. ಉಳಿದಿರುವ ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿ ಟೈಲ್ಸ್ ಅಲ್ಲಲ್ಲಿ ಅಂಟಿಕೊಂಡಿವೆ, ಮಿಕ್ಕ ಕಡೆ ಉದುರಿವೆ. ಮೊದಲು ಇದನ್ನು ಬರೆಯಿರಿ. ಓದುವವರು ತಾವಾಗೇ ಕೇಳುತ್ತಾರೆ, ಇನ್ನರ್ಧ ಏನಾಯ್ತು ಅಂತ. ಆಗ ಹೇಳಿ: 1696ರಲ್ಲಿ, ಔರಂಗಜೇಬನ ಕಾಲದಲ್ಲಿ, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಆ ಭಾಗ ಕುಸಿಯಿತು. ಕಟ್ಟಿಸಿದವನ ಗತಿಯನ್ನೂ ಅಲ್ಲೇ ಹೇಳಬಹುದು. ಗವಾನ್ ಬಹಮನಿಗಳ ಮಂತ್ರಿ. ಶತ್ರುಗಳು ಹುಟ್ಟಿಸಿದ ಖೋಟಾ ಪತ್ರ ನಂಬಿ 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಕಣ್ಣು ಕೇಳಿದ ಪ್ರಶ್ನೆಗೆ ಉತ್ತರವಾಗಿ ಬಂದರೆ ಇಸವಿ ನೆನಪಲ್ಲಿ ಉಳಿಯುತ್ತದೆ. ಸುಮ್ನೆ ತಂದು ಸುರಿದರೆ ಓದುವವರು ಹಾರಿಸಿಕೊಂಡು ಹೋಗುತ್ತಾರೆ. ನಾನಂತೂ ಹಾರಿಸುತ್ತೇನೆ.

ಇನ್ನು ನಾನು ಓದುತ್ತಾ ನಿಂತುಬಿಟ್ಟ ಜಾಗ. ಕೊನೆಕೊನೆಗೆ, ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದವರ ಅಂಗಡಿಯಲ್ಲಿ, ‘ಅಜ್ಜ ಕೋಟೆಯ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ ನೋಡಿದರು, ಆಮೇಲೆ ತಲೆಯಾಡಿಸಿದರು’ ಎಂದು ಬರೆದಿದ್ದೀರಿ. ಎಂಥ ಸಾಲು! ಇದು ನಿಮ್ಮದೇ, ನೀವು ಕಂಡದ್ದೇ. ಆದರೆ ಮುಂದಿನ ಸಾಲಿಗೆ ನೀವು ಊಟಕ್ಕೆ ಹೊರಟೇ ಹೋಗಿದ್ದೀರಿ. ಯಾಕೆ ನಾಲಿಗೆಗೆ ಹಚ್ಚಿದರು? ತಲೆಯಾಡಿಸಿದ್ದು ಹೌದು ಅಂತಲೋ, ಬೇಡ ಅಂತಲೋ? ಮಣ್ಣು ಕೋಟೆಯ ಯಾವ ಕಡೆಯದು? ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಬೇಕು ಅಂತ ಕೆಲಸಗಾರರು ಹೇಳುತ್ತಾರೆ, ರುಚಿ ನೋಡಿಯೇ ಆರಿಸುತ್ತಾರೆ. ನೀವು ಕೇಳಿದ್ದರೆ ಅಜ್ಜ ಹೇಳುತ್ತಿದ್ದರು.

ಅಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ‘ಕಪ್ಪು ಲೋಹದ ಮೇಲೆ ಬೆಳ್ಳಿಯ ಕುಸುರಿ’ ಎಂದೂ ಬರೆಯುತ್ತಿರಲಿಲ್ಲ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಹೂಜಿ ಬೂದು ಬಣ್ಣದ್ದು. ಗೆರೆ ಕಾಣಲಿ ಎಂದು ಮೈಲುತುತ್ತದ ನೀರು ಸವರಿ ಅದನ್ನು ಸದ್ಯಕ್ಕೆ ಕಪ್ಪು ಮಾಡಿಕೊಳ್ಳುತ್ತಾರೆ. ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಬೆಳ್ಳಿಯೂ ಸತುವೂ ಹೆಚ್ಚುಕಡಿಮೆ ಒಂದೇ ಬಣ್ಣ. ಅಷ್ಟೂ ಹೊತ್ತು ಮಾಡಿದ ಕೆಲಸ ಸರಿಯಾಗಿ ಕಾಣುವುದೇ ಇಲ್ಲ. ಕೊನೆಗೆ ಬಿಸಿ ಮಾಡಿ, ಆ ಮಣ್ಣಿಗೆ ನವಸಾಗರ ಕಲಸಿ ತಿಕ್ಕಿದಾಗ ಮೈಯೆಲ್ಲ ಕಪ್ಪಗಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕಪ್ಪು ಬರುವುದು ಕೊನೆಗೆ. ನಿಮ್ಮ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ?

ಹಾಗಾಗಿ ಅಜ್ಜನ ನಾಲಿಗೆಯಿಂದ ಶುರು ಮಾಡಿ. ಮಣ್ಣಿನ ಬೆನ್ನು ಹತ್ತಿ ಕೋಟೆಗೆ ಹೋಗಿ. ದಾರಿಯಲ್ಲಿ ಮದರಸಾ ಸಿಗುತ್ತದೆ, ಅದೂ ಇರಲಿ. ಉಳಿದದ್ದೆಲ್ಲ ಬಿಟ್ಟುಬಿಡಿ. ಬಿಡುವುದು ಕಷ್ಟ ಅಂತ ಗೊತ್ತು, ಕಾಲು ನೋಯಿಸಿಕೊಂಡು ನೋಡಿ ಬಂದಿದ್ದೀರಿ. ಆದರೂ ಬಿಡಿ. ಅಷ್ಟೂರನ್ನಂತೂ ಇದರಲ್ಲಿ ತುರುಕಬೇಡಿ. ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯೊಳಗಿನ ಬಣ್ಣದ ಚಿತ್ತಾರ, ಹಿಂದೂ ಮುಸ್ಲಿಂ ಇಬ್ಬರೂ ಸೇರುವ ಅಲ್ಲಿಯ ಉರುಸು, ಅದು ಬೇರೆಯೇ ಲೇಖನ. ಉರುಸಿನ ಹೊತ್ತಿಗೆ ಹೋಗಿ ಬಂದು ಬರೆಯಿರಿ, ಕಾಯುತ್ತೇನೆ.

ಭಾಷೆಯ ಬಗ್ಗೆ ಒಂದು ಮಾತು. ನಿಮ್ಮ ಆಟೋದವನು ‘ಈ ಉರಿಬಿಸಿಲಿನಲ್ಲಿ ತಾವು ಎಲ್ಲಿಗೆ ಪ್ರಯಾಣಿಸುತ್ತಿರುವಿರಿ?’ ಎಂದು ಕೇಳುತ್ತಾನೆ. ಬೀದರಿನ ಆಟೋದವನು ಹೀಗೆ ಕೇಳುವುದಿಲ್ಲ. ‘ಇಷ್ಟ್ ಬಿಸಲಾಗ ಎಲ್ಲಿಗ್ ಹೊಂಟೀರಿ’ ಅಂದಿರುತ್ತಾನೆ. ಅದನ್ನೇ ಬರೆಯಿರಿ. ನೀವೂ ಈ ಕಡೆಯವರೇ, ನಾಚಿಕೆ ಯಾಕೆ? ಊಟಕ್ಕೂ ಅಷ್ಟೇ. ‘ಬಾಯಲ್ಲಿ ನೀರೂರಿಸುವ ಉತ್ತರ ಕರ್ನಾಟಕ ಶೈಲಿಯ ಭೋಜನ’ ತೆಗೆದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಅನ್ನಿ. ತಟ್ಟೆಯಲ್ಲಿ ಏನಿತ್ತೋ ಅದು.

ಅಭ್ಯಾಸಕ್ಕೆ ಒಂದೇ ಸಲಹೆ ಕೊಡುತ್ತೇನೆ. ಹೊಸ ಜಾಗಕ್ಕೆ ಹೋದಾಗ ಮೊಬೈಲು ತೆಗೆಯುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕಂಡದ್ದು, ಕೇಳಿದ್ದು, ಅರ್ಥವಾಗದ್ದು ಬರೆದುಕೊಳ್ಳಿ. ಅರ್ಥವಾಗದ್ದೇ ಜಾಸ್ತಿ ಮುಖ್ಯ. ಅದನ್ನು ಅಲ್ಲಿಯವರನ್ನು ಕೇಳಿ, ಅವತ್ತೇ ರಾತ್ರಿ ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ವಾಕ್ಯ ಮುರಿಯಿರಿ.

ಫೋಟೊಗಳಲ್ಲಿ ಬಹುಪಾಲು ನೀವೇ ನಿಂತಿದ್ದೀರಿ, ಅವು ಬೇಡ. ಕಪ್ಪಾಗುವ ಮೊದಲಿನ ಹೂಜಿಯದ್ದೊಂದು, ಆದ ಮೇಲಿನದ್ದೊಂದು, ಸಾಧ್ಯವಾದರೆ ಅಜ್ಜನ ಕೈ. ತೆಗೆಯುವ ಮೊದಲು ಅವರನ್ನು ಕೇಳಿ, ಅವರ ಹೆಸರನ್ನು ಅವರಿಂದಲೇ ಸರಿಯಾಗಿ ಬರೆಸಿಕೊಳ್ಳಿ. ದಸರೆಗೆ ಮುಂಚೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ.

ಸಂಪಾದಕ
ಕಲಬುರಗಿ