ಪ್ರಶ್ನೋತ್ತರ: ಆಹಾರದ ಸಾಕ್ಷ್ಯಚಿತ್ರ ಹೇಳಿದ್ದನ್ನು ಎಷ್ಟು ನಂಬಬೇಕು?

ಪ್ರಶ್ನೆ: ಮಾನ್ಯರೇ, ಆಹಾರದ ಬಗೆಗಿನ ಎರಡು ಸಾಕ್ಷ್ಯಚಿತ್ರಗಳನ್ನು ನೋಡಿದಂದಿನಿಂದ ನನ್ನ ತಮ್ಮ ಹಾಲು, ಮೊಟ್ಟೆ, ಮಾಂಸ ಮೂರನ್ನೂ ಬಿಟ್ಟಿದ್ದಾನೆ. ಅದು ಅವನಿಷ್ಟ. ಆದರೆ ದಿನಕ್ಕೊಂದು ಮೊಟ್ಟೆ ತಿನ್ನುವುದೂ ಐದು ಸಿಗರೇಟು ಸೇದುವುದೂ ಒಂದೇ ಎಂದು ಮನೆಯವರನ್ನೆಲ್ಲ ಹೆದರಿಸುತ್ತಾನೆ. ಮಾಂಸ ತಿಂದವರ ರಕ್ತ ಕದಡಿಹೋಗುವುದನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ. ಈಗ ತಂದೆಯವರಿಗೆ ರಕ್ತದೊತ್ತಡದ ಮಾತ್ರೆಯೂ ಬೇಡವೆಂದು ಹಟ ಹಿಡಿದಿದ್ದಾನೆ. ವೈದ್ಯರೇ ಕ್ಯಾಮೆರಾ ಮುಂದೆ ಕುಳಿತು ಹೇಳಿದ್ದನ್ನು ನಾವು ಅಲ್ಲಗಳೆಯುವುದು ಹೇಗೆ?

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ, ಉಳಿದದ್ದಕ್ಕೆ ಅವಸರವಿಲ್ಲ. ಊಟದ ಕ್ರಮ ಬದಲಾದರೆ ರಕ್ತದೊತ್ತಡ ಇಳಿಯಬಹುದು. ಇಳಿದರೆ ಅಳತೆ ನೋಡಿ ಮಾತ್ರೆಯ ಪ್ರಮಾಣವನ್ನು ತಗ್ಗಿಸುವುದು ಚಿಕಿತ್ಸೆ ಕೊಡುತ್ತಿರುವ ವೈದ್ಯರ ಕೆಲಸ. ಬೀಟಾ ಬ್ಲಾಕರ್, ಕ್ಲೋನಿಡಿನ್‌ನಂಥ ಕೆಲವು ಔಷಧಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಒಮ್ಮೆಲೇ ಏರಿ ಅಪಾಯವಾಗುವುದುಂಟು. ಆದ್ದರಿಂದ ತಂದೆಯವರು ಮಾತ್ರೆಯನ್ನು ತಪ್ಪಿಸದಿರಲಿ.

ಇನ್ನು ಕದಡಿದ ರಕ್ತ. 2018ರ ‘ದಿ ಗೇಮ್ ಚೇಂಜರ್ಸ್’ ಚಿತ್ರದಲ್ಲಿ ಮಾಂಸದ ಊಟ ಮಾಡಿದ ಆಟಗಾರರ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮಬ್ಬಾಗಿಯೂ, ಕಾಳಿನ ಊಟ ಮಾಡಿದ ಮೇಲೆ ತೆಗೆದದ್ದು ತಿಳಿಯಾಗಿಯೂ ಕಾಣುವ ದೃಶ್ಯವಿದೆ; ನಿಮ್ಮ ತಮ್ಮ ಹೇಳುತ್ತಿರುವುದು ಬಹುಶಃ ಅದನ್ನೇ. ದೃಶ್ಯ ಸುಳ್ಳಲ್ಲ. ನಾವು ತಿಂದ ಕೊಬ್ಬು ಕರುಳಿನ ಗೋಡೆಯಲ್ಲಿ ಕೈಲೊಮೈಕ್ರಾನ್ ಎಂಬ ಸೂಕ್ಷ್ಮ ಕಣಗಳಾಗಿ ರೂಪುಗೊಂಡು, ದುಗ್ಧನಾಳಗಳ ಮೂಲಕ ರಕ್ತವನ್ನು ಸೇರುತ್ತದೆ. ಈ ಕಣಗಳು ಬೆಳಕನ್ನು ಚದುರಿಸುವುದರಿಂದ ಪ್ಲಾಸ್ಮಾ ಹಾಲು ಬೆರೆಸಿದ ನೀರಿನಂತೆ ಕಾಣುತ್ತದೆ, ಕೆಲವು ಗಂಟೆಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಮಾಂಸದ ಬದಲು ಅಷ್ಟೇ ಕೊಬ್ಬಿರುವ ಸಸ್ಯಾಹಾರವನ್ನು ಕೊಟ್ಟಿದ್ದರೂ ಪ್ಲಾಸ್ಮಾ ಮಬ್ಬಾಗುತ್ತಿತ್ತು. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಪ್ರಯೋಗಾಲಯದವರು ಹೇಳುತ್ತಾ ಬಂದಿರುವುದಕ್ಕೂ ಊಟದ ನಂತರದ ಈ ಏರಿಕೆಯೇ ಕಾರಣ. ಎರಡು ಊಟಗಳಲ್ಲಿದ್ದ ಕೊಬ್ಬು ಎಷ್ಟೆಷ್ಟು ಎಂದು ಕೇಳಿದ ಕೂಡಲೇ ಆ ದೃಶ್ಯದ ಬಿಗಿ ಸಡಿಲವಾಗುತ್ತದೆ. ಮೂರು ಜನರ ಒಂದು ಊಟದಿಂದ ಇಪ್ಪತ್ತು ವರ್ಷಗಳ ನಂತರದ ಹೃದಯದ ಸ್ಥಿತಿಯನ್ನು ಹೇಳಲು ಬರುವುದಿಲ್ಲ. ಆದರೆ ಇಪ್ಪತ್ತು ವರ್ಷಗಳನ್ನು ಚಿತ್ರೀಕರಿಸಲಾಗದು, ಪರೀಕ್ಷಾ ನಳಿಕೆಯನ್ನು ಚಿತ್ರೀಕರಿಸಬಹುದು. ನನ್ನ ಮಟ್ಟಿಗೆ ಈ ಬಗೆಯ ಚಿತ್ರಗಳ ದೊಡ್ಡ ತೊಡಕು ಇದೇ.

ಮೊಟ್ಟೆ ಮತ್ತು ಸಿಗರೇಟಿನ ಹೋಲಿಕೆ 2017ರ ‘ವಾಟ್ ದಿ ಹೆಲ್ತ್’ ಚಿತ್ರದ್ದು. ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಸೇದದವರಿಗಿಂತ 15ರಿಂದ 30 ಪಟ್ಟು ಹೆಚ್ಚು, ಮತ್ತು ಇದನ್ನು ಹೇಳುವ ಅಧ್ಯಯನಗಳಲ್ಲಿ ಪರಸ್ಪರ ಜಗಳವಿಲ್ಲ. ಮೊಟ್ಟೆಯ ಕಥೆ ಹಾಗಲ್ಲ. 2019ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಬಂದ ಅಧ್ಯಯನವೊಂದು ಹೆಚ್ಚು ಮೊಟ್ಟೆ ತಿನ್ನುವವರಲ್ಲಿ ಹೃದ್ರೋಗ ತುಸು ಹೆಚ್ಚೆಂದು ಕಂಡಿತು. ಮರುವರ್ಷ ‘ಬಿಎಂಜೆ’ಯಲ್ಲಿ ಬಂದ ಇನ್ನೊಂದು, ದಿನಕ್ಕೊಂದರವರೆಗೆ ಅಂಥ ಸಂಬಂಧವೇ ಇಲ್ಲವೆಂದಿತು. ಅಮೆರಿಕದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ತನ್ನ ಹಳೆಯ ಮಿತಿಯನ್ನು 2015ರ ಆವೃತ್ತಿಯಲ್ಲಿ ಕೈಬಿಟ್ಟಿತ್ತು. ಮಧುಮೇಹಿಗಳೂ ಕೊಲೆಸ್ಟರಾಲ್ ಹೆಚ್ಚಿರುವವರೂ ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಿಕೊಳ್ಳಲಿ. ಸಿಗರೇಟನ್ನು ಮಾತ್ರ ಈ ಮಾತಿಗೆ ಎಳೆದು ತರುವುದು ಬೇಡ.

ಕ್ಯಾಮೆರಾ ಮುಂದೆ ಕುಳಿತ ವೈದ್ಯರು ವೈದ್ಯರೇ ಇರಬಹುದು. ಅವರ ಮಾತನ್ನು ಒಪ್ಪದ ವೈದ್ಯರಿಗೆ ಎಷ್ಟು ನಿಮಿಷ ಸಿಕ್ಕಿತು ಎಂದು ಗಡಿಯಾರ ನೋಡಿ.

ಪ್ರಶ್ನೆ: ಸಾಸೇಜ್, ಬೇಕನ್‌ನಂಥ ಸಂಸ್ಕರಿತ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ತಂಬಾಕಿನ ಗುಂಪಿಗೆ ಸೇರಿಸಿದೆ ಎಂದು ಚಿತ್ರವೊಂದರಲ್ಲಿ ಕೇಳಿದೆ. ಇದೂ ಉತ್ಪ್ರೇಕ್ಷೆಯೇ?

ಉತ್ತರ: ಸೇರಿಸಿರುವುದು ನಿಜ. ಆ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹಾಗೆ ವರ್ಗೀಕರಿಸಿತು. ಆದರೆ ಆ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಅಳೆಯುತ್ತವೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನು ಅಳೆಯುವುದಿಲ್ಲ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಶೇಕಡಾ 18ರಷ್ಟು ಹೆಚ್ಚುತ್ತದೆ ಎಂಬುದು ಅದೇ ಸಂಸ್ಥೆಯ ಲೆಕ್ಕ. ನೂರು ಜನರಲ್ಲಿ ಐವರಿಗೆ ಆ ಕಾಯಿಲೆ ಬರುತ್ತದೆ ಎಂದಿಟ್ಟುಕೊಂಡರೆ, ಆ ನೂರು ಜನರೂ ದಿನವೂ ಅಷ್ಟು ತಿಂದಾಗ ಸುಮಾರು ಆರು ಜನರಿಗೆ ಬಂದೀತು. ವರ್ಗೀಕರಣದ ಸಂದರ್ಭದಲ್ಲಿ ಉಲ್ಲೇಖಗೊಂಡ ಜಾಗತಿಕ ಅಂದಾಜಿನ ಪ್ರಕಾರ ಸಂಸ್ಕರಿತ ಮಾಂಸ ಹೆಚ್ಚಿರುವ ಆಹಾರದಿಂದ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳು, ತಂಬಾಕಿನಿಂದ ಸುಮಾರು 10 ಲಕ್ಷ. ಕಡಿಮೆ ತಿನ್ನಿ ಎಂಬ ಸಲಹೆಗೆ 34,000 ಸಾಕಷ್ಟು ದೊಡ್ಡ ಸಂಖ್ಯೆಯೇ; ಅದನ್ನು 10 ಲಕ್ಷದ ಪಕ್ಕದಲ್ಲಿ ನಿಲ್ಲಿಸಿ ಎರಡೂ ಒಂದೇ ಎನ್ನುವ ಅಗತ್ಯವಿರಲಿಲ್ಲ.

ಪ್ರಶ್ನೆ: ಇಂಥ ಚಿತ್ರಗಳನ್ನು ಟೀಕಿಸುವವರೆಲ್ಲ ಆಹಾರ ಕಂಪನಿಗಳ ಹಣ ಪಡೆದವರು ಎನ್ನುತ್ತಾರಲ್ಲ?

ಉತ್ತರ: ಈ ಅನುಮಾನಕ್ಕೆ ಬುಡವಿಲ್ಲದಿಲ್ಲ. 1967ರಲ್ಲಿ ಹೃದ್ರೋಗಕ್ಕೆ ಕೊಬ್ಬನ್ನು ಮುಖ್ಯ ಹೊಣೆ ಮಾಡಿ ಸಕ್ಕರೆಯ ಪಾತ್ರವನ್ನು ಹಗುರಮಾಡಿದ ವಿಮರ್ಶಾ ಲೇಖನವೊಂದಕ್ಕೆ ಅಮೆರಿಕದ ಸಕ್ಕರೆ ಉದ್ಯಮದ ಸಂಘಟನೆಯೊಂದು ಹಾರ್ವರ್ಡ್‌ನ ಸಂಶೋಧಕರಿಗೆ ಹಣ ಕೊಟ್ಟಿತ್ತು. ಹಳೆಯ ಪತ್ರಗಳನ್ನು ಕೆದಕಿದವರಿಂದ ಅದು ಬಯಲಾದದ್ದು 2016ರಲ್ಲಿ. ಆದರೆ ಈ ಅಳತೆಗೋಲನ್ನು ಚಿತ್ರ ಮಾಡುವವರಿಗೂ ಹಿಡಿಯಬೇಕಲ್ಲವೇ? ‘ದಿ ಗೇಮ್ ಚೇಂಜರ್ಸ್’ನ ಕಾರ್ಯನಿರ್ವಾಹಕ ನಿರ್ಮಾಪಕರಲ್ಲಿ ಒಬ್ಬರಾದ ಜೇಮ್ಸ್ ಕ್ಯಾಮರಾನ್ ಬಟಾಣಿಯ ಪ್ರೋಟೀನ್ ತಯಾರಿಸುವ ಉದ್ಯಮದಲ್ಲಿ ಹಣ ಹೂಡಿದ್ದರು. ಅದರಿಂದಲೇ ಚಿತ್ರ ಸುಳ್ಳಾಗುವುದಿಲ್ಲ, ಸಕ್ಕರೆಯ ಹಣದಿಂದಲೇ 1967ರ ಲೇಖನದ ಪ್ರತಿ ವಾಕ್ಯವೂ ಸುಳ್ಳಾಗದಂತೆ. ಎರಡನ್ನೂ ಓದುವಾಗ ಬಿಟ್ಟುಹೋದದ್ದೇನು ಎಂದು ಸ್ವಲ್ಪ ಹೆಚ್ಚು ಹುಡುಕಬೇಕಾಗುತ್ತದೆ, ಅಷ್ಟೇ.