ಶೂಟರ್ ಗೇಮ್‌ಗಳಲ್ಲಿ ಕೆಲವು ಕಡೆ ಹೆಲ್ತ್ ತಾನಾಗಿ ತುಂಬುತ್ತದೆ, ಕೆಲವು ಕಡೆ ಇಲ್ಲ. ಯಾಕೆ?

ಹೆಲ್ತ್ ಅಂದರೆ ಒಂದು ಅಂಕಿ, ಸಾಮಾನ್ಯವಾಗಿ 100. ಗುಂಡು ಬಿದ್ದಷ್ಟೂ ಅದು ಇಳಿಯುತ್ತದೆ. ತಲೆಗೆ ಬಿದ್ದರೆ ಜಾಸ್ತಿ, ಗುಂಡು ತಡೆಯುವ ವೆಸ್ಟ್ ಇದ್ದರೆ ಕಡಿಮೆ. ಇಷ್ಟು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಇಳಿದದ್ದು ವಾಪಸ್ ಏರುವ ದಾರಿ ಮಾತ್ರ ಬೇರೆ ಬೇರೆ.

1993ರ ಡೂಮ್ ಗೇಮ್‌ನಲ್ಲಿ ಮೆಡ್‌ಕಿಟ್, ಅಂದರೆ ಔಷಧಿ ಪೆಟ್ಟಿಗೆ, ಸಿಕ್ಕಿದರೆ 25 ಏರುತ್ತದೆ. ಸುಮ್ನೆ ಕಾದರೆ ಏನೂ ಏರುವುದಿಲ್ಲ. ಇದರಲ್ಲಿ ಗೇಮ್ ಮಾಡುವವರಿಗೆ ಒಂದು ಕಷ್ಟ ಇದೆ. ಆಟಗಾರ ಮುಂದಿನ ಕೋಣೆಗೆ 90 ಇಟ್ಟುಕೊಂಡು ಬರುತ್ತಾನೋ, 9 ಇಟ್ಟುಕೊಂಡು ಬರುತ್ತಾನೋ ಗೊತ್ತಾಗುವುದಿಲ್ಲ. 2005ರ ಕಾಲ್ ಆಫ್ ಡ್ಯೂಟಿ 2ರಲ್ಲಿ ಮೆಡ್‌ಕಿಟ್ಟೇ ಇಲ್ಲ. ಪೆಟ್ಟು ಬಿದ್ದರೆ ಪರದೆ ಕೆಂಪಾಗುತ್ತದೆ, ಸ್ವಲ್ಪ ಹೊತ್ತು ಮರೆಯಲ್ಲಿ ನಿಂತರೆ ಸರಿಹೋಗುತ್ತದೆ. ಇಂಥ ಗೇಮ್‌ಗಳಲ್ಲಿ ಒಳಗೊಂದು ಟೈಮರ್ ಓಡುತ್ತಿರುತ್ತದೆ. ಮತ್ತೆ ಗುಂಡು ತಗುಲಿದರೆ ಅದು ಮೊದಲಿಂದ ಶುರು. ಹೀಗಾಗಿ ಗೇಮ್ ಮಾಡುವವರು, ಎಲ್ಲರೂ ಪೂರ್ತಿ ಹೆಲ್ತ್‌ನಲ್ಲೇ ಬರುತ್ತಾರೆ ಅಂತ ನಂಬಿ, ಪ್ರತಿ ಕಾಳಗವನ್ನೂ ಬಿಗಿಯಾಗಿ ಕಟ್ಟಬಹುದು. ಆದರೆ ಹಿಂದಿನ ತಪ್ಪು ಮುಂದೆ ಕಾಡುವುದೇ ಇಲ್ಲ, ಅಲ್ವಾ? ಅದಕ್ಕೇ ನನಗೆ 2001ರ ಹೇಲೋ ಜಾಸ್ತಿ ಇಷ್ಟ. ಅದರಲ್ಲಿ ಮೇಲಿನ ಶೀಲ್ಡ್ (ರಕ್ಷಾಕವಚ) ತಾನಾಗಿ ತುಂಬುತ್ತದೆ, ಅದರಡಿಯ ಹೆಲ್ತ್‌ಗೆ ಕಿಟ್ ಬೇಕೇ ಬೇಕು.

ಇಲ್ಲಿ ಮುಂಬೈ ಬಳಿಯ ಡೊಂಬಿವಲಿ ಲೋಕಲ್ ಟ್ರೇನಿನಲ್ಲಿ ನಮ್ಮ ಕನ್ನಡದ ಹುಡುಗರು ಆಡುವ ಮೊಬೈಲ್ ಗೇಮ್ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಹಳೇ ದಾರಿಯದು. ಫಸ್ಟ್ ಏಡ್ ಕಿಟ್ 75ರವರೆಗೆ ಮಾತ್ರ ಏರಿಸುತ್ತದೆ. ಅದಕ್ಕಿಂತ ಮೇಲೆ ಹೋಗಲು ಎನರ್ಜಿ ಡ್ರಿಂಕ್, ಪೇನ್‌ಕಿಲ್ಲರ್ ಅಥವಾ ಮೆಡ್‌ಕಿಟ್ ಬೇಕು. ಕಿಟ್ ಬಳಸುವ ಆ ಕೆಲವು ಸೆಕೆಂಡ್ ಗುಂಡು ಹಾರಿಸಲಾಗದು, ಹಾಗಾಗಿ ಮೊದಲು ಗೋಡೆಯ ಮರೆ ಹಿಡಿಯಿರಿ.